ಗಾಳಿಯಲ್ಲಿ ನಿಂತ ಏಟು

ಏಳನೆಯ ಕಂತು

ಇನ್ಸ್‌ಪೆಕ್ಟರ್ ಬೀಸಿದ ಕತ್ತಿ ಎದುರಾಳಿಯ ಗುರಾಣಿಗೆ ಠಣ್ಣೆಂದು ಬಡಿದು ಅಲ್ಲೇ ನಿಂತಿತು. ಅವಳ ಕೈ ಮಾತ್ರ ನಿಲ್ಲಲಿಲ್ಲ.

ಕತ್ತಿ ಇದ್ದದ್ದು ಪರದೆಯ ಮೇಲೆ. ಅವಳ ಕೈಯಲ್ಲಿದ್ದದ್ದು ಟಾರ್ಚಿನ ಗಾತ್ರದ, ಟಾರ್ಚಿನಷ್ಟೂ ತೂಕವಿಲ್ಲದ ಒಂದು ಪ್ಲಾಸ್ಟಿಕ್ ಕಂಟ್ರೋಲರ್. ತಡೆಯುವುದಕ್ಕೆ ಕೋಣೆಯಲ್ಲಿ ಗುರಾಣಿ ಎಲ್ಲಿಂದ ಬರಬೇಕು? ತೋಳು ತನ್ನ ಪಾಡಿಗೆ ಮುಂದೆ ಹೋಯಿತು, ತೋಳಿನ ಹಿಂದೆ ಭುಜ, ಭುಜದ ಹಿಂದೆ ಅವಳು. ದಫೇದಾರ ಕೈಹಿಡಿದು ಎಳೆಯದಿದ್ದರೆ ರಬ್ಬರ್ ಹಾಸಿನ ಮೇಲೆ ಮುಗ್ಗರಿಸುತ್ತಿದ್ದಳು.

"ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಅನ್ನೋದನ್ನ ಕೇಳಿದ್ದೆ ಮೇಡಂ," ಎಂದ ದಫೇದಾರ. "ಕಣ್ಣಾರೆ ನೋಡಿದ್ದು ಇವತ್ತೇ."

ಅವಳು ನಗಲಿಲ್ಲ. ಗೋಡೆಯ ಗಡಿಯಾರ ನೋಡಿದಳು. ಮೂರೂ ಇಪ್ಪತ್ತು. ಐದು ನಿಮಿಷದ ಹಿಂದೆ ನೋಡಿದಾಗ ಮೂರೂ ಕಾಲು ಆಗಿತ್ತು; ಅದಕ್ಕೂ ಮುಂಚೆ ಮೂರೂ ಹತ್ತು.

ಐದು ಗಂಟೆಯೊಳಗೆ ಆ ಹುಡುಗಿಯನ್ನು ಒಳಗೆ ಹಾಕಿ, ಇಲ್ಲವಾದರೆ ಕೇಸನ್ನು ಬೇರೆಯವರ ಕೈಗೆ ಕೊಡಿ ಎಂದು ಬೆಳಿಗ್ಗೆ ಮೇಲಧಿಕಾರಿ ಹೇಳಿದ್ದರು. ಸೋಮವಾರ ಮಧ್ಯಾಹ್ನ ಇದೇ ಕೋಣೆಯಲ್ಲಿ, ಈ ಪರದೆಯ ಹಿಂದೆ, ಆಟಕ್ಕೆ ಕತ್ತಿವರಸೆ ಕಲಿಸಲು ಬರುತ್ತಿದ್ದ ಮೇಷ್ಟ್ರು ಸತ್ತುಬಿದ್ದಿದ್ದರು. ಆ ಹೊತ್ತಿಗೆ ಪರದೆಯ ಮುಂದೆ ಆಡುತ್ತಿದ್ದವಳು ಆ ಹುಡುಗಿ ಒಬ್ಬಳೇ ಎಂದು ಆಟದ ದಾಖಲೆಯೇ ಸಾಕ್ಷಿ ಹೇಳುತ್ತಿತ್ತು.

ಮೇಷ್ಟ್ರ ತಲೆ ಪರದೆಯ ಕಬ್ಬಿಣದ ಕಾಲಿಗೆ ಬಡಿದಿತ್ತು. ಅರವತ್ತೆಂಟರ ಮನುಷ್ಯ ಎಡವಿ ಬಿದ್ದರು ಎಂದು ಬರೆದು ಮುಗಿಸಬಹುದಿತ್ತು. ಆದರೆ ಅಂಗಿಯ ಎರಡು ಗುಂಡಿ ಕಿತ್ತುಹೋಗಿದ್ದವು. ತಲೆಯ ಕೆಳಗೆ, ನಾಲ್ಕು ಮಡಿಕೆ ಮಾಡಿದ ಟವೆಲ್ ಇತ್ತು. ಬಿದ್ದ ಮೇಲೂ ಅರ್ಧ ಗಂಟೆ ಜೀವ ಇತ್ತು ಎಂದಿದ್ದರು ಡಾಕ್ಟರು.

ತಳ್ಳಿದವರು ತಲೆಗೆ ದಿಂಬು ಕೊಟ್ಟಿದ್ದರು. ಯಾರನ್ನೂ ಕರೆದಿರಲಿಲ್ಲ. ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಅದು ಎರಡು ದಿನದಿಂದ ಅವಳನ್ನು ಕೆರೆಯುತ್ತಿತ್ತು.

"ನನ್ನ ಕೈ ಎಲ್ಲಿಗೆ ಹೋಯ್ತು, ಪರದೆ ಮೇಲಿನ ಕತ್ತಿ ಎಲ್ಲಿ ನಿಂತಿತು," ಎಂದಳು ಅವಳು ಮೂಲೆಯ ಮೇಜಿನ ಕಡೆ ತಿರುಗಿ, "ಎರಡನ್ನೂ ಇದು ಬರೆದಿಟ್ಟುಕೊಳ್ಳುತ್ತಾ?"

ಮೇಜಿನ ಹಿಂದೆ ಕೂತವನು ಆಟದ ಪ್ರೋಗ್ರಾಂ ಬರೆದವನು. ಆಫೀಸಿನಲ್ಲಿ ಎಲ್ಲರೂ ಅವನನ್ನು ಕನ್ನಡಕ ಎಂದೇ ಕರೆಯುತ್ತಿದ್ದರು, ಅವನೂ ಹಾಗೆಂದರೇ ತಿರುಗಿ ನೋಡುತ್ತಿದ್ದ. ಮೇಷ್ಟ್ರನ್ನು ಮೊದಲು ಕಂಡವನೂ ಅವನೇ, ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ, ಕೇಬಲ್ ಕೀಳಲು ಪರದೆಯ ಹಿಂದೆ ಹೋಗಿ.

"ಕೈಯದ್ದು ಬರೆಯುತ್ತೆ," ಎಂದ ಅವನು. "ಕತ್ತಿ ನಾವು ಹೇಳಿದ ಹಾಗೆ ಕೇಳುತ್ತೆ. ಮೂಲೆಯಲ್ಲಿ ಸೆನ್ಸರ್ ಇವೆ ನೋಡಿ, ನಾಲ್ಕು. ಕಂಟ್ರೋಲರ್ ಎಲ್ಲಿದೆ, ಎಷ್ಟು ಎತ್ತರದಲ್ಲಿದೆ ಅಂತ ಸೆಕೆಂಡಿಗೆ ನೂರು ಸಲ ಬರೀತವೆ. ಅದನ್ನ ಹಿಡಿದ ಮನುಷ್ಯ ಅವಕ್ಕೆ ಕಾಣಲ್ಲ."

"ನನಗೆ ಕೊಟ್ಟ ಕಾಗದದಲ್ಲಿ ಇದೆಲ್ಲ ಇರಲಿಲ್ಲ."

"ಯಾರು ಆಡಿದ್ರು, ಎಷ್ಟೊತ್ತು ಆಡಿದ್ರು ಅಂತ ಕೇಳಿದ್ರಿ. ಅಷ್ಟು ಕೊಟ್ಟೆ."

"ಕೇಳಿದ್ದಷ್ಟಕ್ಕೇ ಉತ್ತರ ಕೊಡೋರು ನಮ್ಮ ಮನೆಯಲ್ಲೂ ಒಬ್ಬರಿದ್ದಾರೆ," ಎಂದ ದಫೇದಾರ. "ಹೆಂಡತಿ ಊಟ ಆಯ್ತಾ ಅಂತ ಕೇಳ್ತಾಳೆ, ಆಯ್ತು ಅಂತಾರೆ. ಎಲ್ಲಿ ಆಯ್ತು ಅಂತ ಅವಳು ಕೇಳಲ್ಲ, ಇವರು ಹೇಳಲ್ಲ."

"ಯಾರು ಅವರು?"

"ನಾನೇ ಮೇಡಂ."

ಕನ್ನಡಕ ತನ್ನ ಮೇಜಿನ ಕಂಪ್ಯೂಟರಿನಲ್ಲಿ ಒಂದು ಗೆರೆ ತೆರೆದ. ಅವಳು ಈಗಷ್ಟೇ ಬೀಸಿದ ಐದು ಏಟುಗಳು ಐದು ಗುಡ್ಡಗಳಾಗಿ ನಿಂತಿದ್ದವು. ಒಂದು ಎತ್ತರ, ಒಂದು ಕುಳ್ಳು, ಒಂದಕ್ಕೆ ಗೂನು. ಕೊನೆಯದು, ಮುಗ್ಗರಿಸಿದ್ದು, ಬಾಲ ಬೆಳೆಸಿಕೊಂಡು ಆಚೆ ಹರಿದಿತ್ತು.

"ಇಲ್ಲಿ ಎಲ್ಲರ ಏಟೂ ಗುಡ್ಡವೇ," ಎಂದ ಅವನು. "ಏರುತ್ತೆ, ನಿಧಾನಕ್ಕೆ ಇಳಿಯುತ್ತೆ. ನಿಜವಾದ ಕತ್ತಿ ನಿಜವಾದ ಗುರಾಣಿಗೆ ಬಡಿದರೆ ಗೆರೆ ಇಳಿಯಲ್ಲ, ಕಡಿದು ಬೀಳುತ್ತೆ. ನಮ್ಮಲ್ಲಿ ಬಡಿಯೋಕೆ ಏನಿದೆ? ಮೇಷ್ಟ್ರು ದಿನಾ ಬೈತಿದ್ದದ್ದು ಅದಕ್ಕೇ. ನಿನ್ನ ಆಟದಲ್ಲಿ ಏಟು ಇದೆ, ತಾಗೋದು ಇಲ್ಲ ಅಂತ."

"ಸೋಮವಾರದ್ದು ತೆಗೀರಿ."

ತೆಗೆದ. ಎರಡೂ ಐವತ್ತಕ್ಕೆ ಶುರು. ಮೊದಲನೆಯ ಗುಡ್ಡ, ಎರಡನೆಯದು, ಮೂರನೆಯದು. ಅವಳು ಕುರ್ಚಿ ಎಳೆದುಕೊಂಡು ಕೂತಳು, ಮತ್ತೆ ಎದ್ದಳು. ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದವಳ ಬೆರಳು ನಿಂತಿತು.

"ಕೊನೆ ಪುಟ ತೋರಿಸಿ. ಮೂರೂ ನಲವತ್ತರದ್ದು."

ಅಲ್ಲೂ ಅದೇ ಗುಡ್ಡ. ಅದೇ ಎತ್ತರ, ಅದೇ ಇಳಿಜಾರು. ಐವತ್ತು ನಿಮಿಷ ಬೀಸಿದ ತೋಳಿನ ಕೊನೆಯ ಏಟೂ ಮೊದಲನೆಯದರಷ್ಟೇ ಹೊಸದು.

"ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದೆ," ಎಂದ ದಫೇದಾರ.

ಹತ್ತು ನಿಮಿಷ ಆಡಿದ್ದಕ್ಕೇ ಅವಳ ಭುಜದ ಕೀಲು ಚುಳುಚುಳು ಎನ್ನುತ್ತಿತ್ತು. ಒಂದು ಗುಡ್ಡದಿಂದ ಇನ್ನೊಂದಕ್ಕೆ ಎಷ್ಟು ಹೊತ್ತು ಎಂದು ಎಣಿಸಿದಳು. ಹನ್ನೊಂದು ಸೆಕೆಂಡು. ಮುಂದಿನದಕ್ಕೂ ಹನ್ನೊಂದು. ಅದರ ಮುಂದಿನದಕ್ಕೂ.

ಆಗ ಅವಳಿಗೆ ಆ ಸದ್ದು ಕೇಳಿಸಿತು. ಎರಡು ದಿನದಿಂದ ಈ ಕೋಣೆಗೆ ಬಂದಾಗಲೆಲ್ಲ ಕಿವಿಗೆ ಬಿದ್ದೂ ಬೀಳದಿದ್ದ ಸದ್ದು. ಮೂಲೆಯಲ್ಲಿ ನಿಂತ ಪೆಡೆಸ್ಟಲ್ ಫ್ಯಾನ್ ಎಡಕ್ಕೆ ಕತ್ತು ತಿರುಗಿಸುತ್ತಾ ಹೋಗಿ, ತುದಿಯಲ್ಲಿ ಟಕ್ಕೆಂದು ಒದರಿ, ಬಲಕ್ಕೆ ಹೊರಟಿತು. ಅವಳು ಬಾಯಲ್ಲೇ ಎಣಿಸಿದಳು. ಹನ್ನೊಂದಕ್ಕೆ ಇನ್ನೊಂದು ಟಕ್.

"ಆ ಹುಡುಗಿಯನ್ನ ಕರೀರಿ," ಎಂದಳು.

ಹುಡುಗಿಯ ಜೊತೆ ಅವಳ ದೊಡ್ಡಮ್ಮನೂ ಬಂದರು, ಕರೆಯದೆ. ಬೆಳಗಿನಿಂದ ಆಫೀಸಿನ ಮುಂಬಾಗಿಲ ಬೆಂಚಿನ ಮೇಲೆ ಕೂತಿದ್ದರು, ತೊಡೆಯ ಮೇಲೆ ಒಂದು ಬಟ್ಟೆಚೀಲ. ಐದು ಗಂಟೆಯ ವಿಷಯ ಯಾರೋ ಅವರಿಗೆ ಹೇಳಿದ್ದರು. ಚೀಲದಲ್ಲಿ ಎರಡು ಜೊತೆ ಬಟ್ಟೆ, ಹಲ್ಲುಜ್ಜುವ ಬ್ರಷ್ಷು, ಸೋಪು. "ಒಳಗೆ ಕೊಡ್ತಾರೋ ಇಲ್ಲವೋ ನನಗೇನು ಗೊತ್ತು," ಎಂದಿದ್ದರು ದಫೇದಾರನಿಗೆ. ಹೊಲಿಗೆ ಅಂಗಡಿ ಇಟ್ಟು ತಂಗಿಯ ಮಗಳನ್ನು ಸಾಕಿದ ಹೆಂಗಸು. ಮಾತಿನ ನಡುವೆಯೂ ಕಣ್ಣು ಎದುರಿದ್ದವರ ಬಟ್ಟೆಯ ಹೊಲಿಗೆಯ ಮೇಲೆ.

ಹುಡುಗಿ ಆಟ ಪರೀಕ್ಷಿಸುವ ಕೆಲಸದವಳು. ಮಣಿಕಟ್ಟಿನ ಚುರುಕಿಗೆ ಆಫೀಸಿನವರು ಇಟ್ಟ ಹೆಸರು ಮಿಂಚು. ಎರಡು ದಿನದಿಂದ ಅವಳ ಹೇಳಿಕೆ ಒಂದೇ: ನಾನು ಆಡ್ತಿದ್ದೆ, ಕಿವಿಗೆ ಹೆಡ್‌ಫೋನ್ ಇತ್ತು, ಪರದೆಯ ಹಿಂದೆ ಏನಾಯ್ತೋ ಕಾಣಲಿಲ್ಲ, ಕೇಳಲಿಲ್ಲ. ಐದು ಹೆಜ್ಜೆ ದೂರದಲ್ಲಿ ಒಬ್ಬ ಮನುಷ್ಯ ಬಿದ್ದು ಪ್ರಾಣ ಬಿಟ್ಟದ್ದು ಕೇಳಲಿಲ್ಲ ಎಂದರೆ ಯಾರು ನಂಬುತ್ತಾರೆ?

ಇನ್ಸ್‌ಪೆಕ್ಟರ್ ಕಂಟ್ರೋಲರನ್ನು ಅವಳ ಕೈಗೆ ಕೊಟ್ಟಳು.

"ಕಟ್ಟಿ ತೋರಿಸು."

"ಏನನ್ನ ಮೇಡಂ?"

"ಇದನ್ನ. ಫ್ಯಾನಿಗೆ."

ಮಿಂಚು ಕನ್ನಡಕನ ಕಡೆ ನೋಡಿದಳು. ಅವನು ಕನ್ನಡಕ ತೆಗೆದು ಒರೆಸತೊಡಗಿದ.

"ಯಾವ ಫ್ಯಾನಿಗೆ?" ಎಂದರು ದೊಡ್ಡಮ್ಮ. "ಏನು ಕಟ್ಟೋದು?"

ಹುಡುಗಿ ಜಡೆಯ ರಬ್ಬರ್ ಬ್ಯಾಂಡ್ ಎಳೆದು ತೆಗೆದಳು, ಫ್ಯಾನಿನ ಜಾಲರಿಗೆ ಕಂಟ್ರೋಲರನ್ನು ಒತ್ತಿ ಹಿಡಿದು ಎರಡು ಸುತ್ತು ಹಾಕಿದಳು. ಎಷ್ಟು ಸಲ ಮಾಡಿದ ಕೆಲಸವೋ, ಬೆರಳು ತಡವರಿಸಲಿಲ್ಲ. ಫ್ಯಾನ್ ಕತ್ತು ತಿರುಗಿಸಿ ತುದಿಯಲ್ಲಿ ಟಕ್ಕೆಂದಾಗ ಪರದೆಯ ಮೇಲಿನ ಯೋಧ ಕತ್ತಿಯೆತ್ತಿ, ಸೊಂಟ ತಿರುಗಿಸಿ, ಇಡೀ ಮೈಯ ಬಲ ಹಾಕಿ ಎದುರಾಳಿಯ ಮೇಲೆ ಅಪ್ಪಳಿಸಿದ.

"ಫ್ಯಾನು ಗೆಲ್ತಾ ಇದೆ ಮೇಡಂ," ಎಂದ ದಫೇದಾರ.

"ಮೂರನೇ ಹಂತದವರೆಗೂ ಗೆಲ್ಲುತ್ತೆ," ಎಂದಳು ಮಿಂಚು, ಕೆಳಗೆ ನೋಡುತ್ತಾ. "ನಾಲ್ಕನೇದರಲ್ಲಿ ಸಾಯುತ್ತೆ."

ಆಮೇಲೆ ಎಲ್ಲ ಹೊರಗೆ ಬಂತು. ದಿನಕ್ಕೆ ಆರು ಗಂಟೆ ಬೀಸಬೇಕು. ಸಂಜೆ ತಲೆ ಬಾಚಿಕೊಳ್ಳಲು ಕೈ ಏಳುವುದಿಲ್ಲ. ಮೊದಲ ವಾರ ಮೇಷ್ಟ್ರು ಹೇಳಿಕೊಟ್ಟಂತೆ ಕಾಲಿಟ್ಟು, ಮೈಯೆಲ್ಲ ತಿರುಗಿಸಿ ಬೀಸಿದಳು.

"ಆಮೇಲೆ ಗೊತ್ತಾಯ್ತು ಮೇಡಂ, ಮಣಿಕಟ್ಟು ಇಷ್ಟು ತಿರುಗಿಸಿದರೂ ಪರದೆ ಮೇಲೆ ಅಷ್ಟೇ ದೊಡ್ಡ ಏಟು ಬೀಳುತ್ತೆ. ಆಮೇಲೆ ನಿಂತಲ್ಲೇ ತಿರುಗಿಸಿದೆ. ಆಮೇಲೆ ಕೂತುಕೊಂಡು. ಆಮೇಲೆ ಫ್ಯಾನು. ನಾನೊಬ್ಬಳೇ ಅಲ್ಲ, ಪರೀಕ್ಷೆ ಮಾಡೋರೆಲ್ಲ ಹೀಗೇ."

"ಸೋಮವಾರ ನೀನು ಎಲ್ಲಿದ್ದೆ?"

"ಹಿಂದಿನ ಮೆಟ್ಟಿಲ ಮೇಲೆ."

"ಯಾರಾದರೂ ನೋಡಿದರಾ?"

"ಯಾರೂ ನೋಡಲ್ಲ ಅಂತಲೇ ಅಲ್ಲಿ ಕೂರೋದು."

"ಇದನ್ನ ಅವತ್ತೇ ಯಾಕೆ ಹೇಳಲಿಲ್ಲ?"

"ಕೆಲಸ ಹೋಗ್ತಿತ್ತು."

"ಕೆಲಸ ಉಳಿಸೋಕೆ ಕೊರಳು ಕೊಡ್ತಾಳೆ ಮಹಾರಾಯಿತಿ," ಎಂದರು ದೊಡ್ಡಮ್ಮ. ದನಿ ಗಟ್ಟಿಯಾಗಿತ್ತು. "ಸೂಜಿಗೆ ನೂಲು ಪೋಣಿಸು ಅಂದರೆ ಕಣ್ಣು ನೋಯುತ್ತೆ. ಫ್ಯಾನಿಗೆ ಯುದ್ಧ ಕಲಿಸೋಕೆ ಆಗುತ್ತೆ."

ಇನ್ಸ್‌ಪೆಕ್ಟರ್ ಕಾರಿಡಾರಿಗೆ ಹೋಗಿ ಫೋನ್ ಮಾಡಿದಳು. ಮೂರೂ ಐವತ್ತು.

"ಸರ್, ಆ ಹುಡುಗಿ ಆಡ್ತಿರಲಿಲ್ಲ. ಫ್ಯಾನ್ ಆಡ್ತಿತ್ತು."

"ಏನು ಆಡ್ತಿತ್ತು?"

ಅವಳು ವಿವರಿಸಿದಳು.

"ನೋಡಮ್ಮ, ಇದನ್ನ ಕಾಗದದ ಮೇಲೆ ಬರೆದರೆ ನನ್ನನ್ನ ನೋಡಿ ನಗ್ತಾರೆ."

"ನಾನೇ ಬರೀತೀನಿ ಸರ್. ಅವಳಿದ್ದಳು ಅನ್ನೋದಕ್ಕೆ ನಮ್ಮ ಹತ್ತಿರ ಇದ್ದದ್ದು ಆ ದಾಖಲೆ ಒಂದೇ. ಅದು ಫ್ಯಾನಿನದ್ದು. ನನ್ನ ಜವಾಬ್ದಾರಿ ಮೇಲೆ ಬಿಡ್ತಿದೀನಿ."

ಕೋಣೆಗೆ ಬಂದು ಹೇಳಿದಾಗ ದೊಡ್ಡಮ್ಮ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದು ಕೂತರು. ಮಿಂಚು ತುಟಿ ಕಚ್ಚಿಕೊಂಡು ನಿಂತಳು. ಎರಡು ದಿನದಿಂದ ಎದೆಯ ಮೇಲಿದ್ದ ಬೀಸುವ ಕಲ್ಲು ಇಳಿದಂತಾಯಿತು ಇನ್ಸ್‌ಪೆಕ್ಟರಿಗೆ. ಇಳಿದದ್ದು ಎರಡು ನಿಮಿಷದ ಮಟ್ಟಿಗೆ. ಆಮೇಲೆ ಬಾಗಿಲು ತೆರೆಯಿತು.

ಬಂದವನು ಕಂಪನಿಯ ಒಡೆಯ. ಕೆಲಸದವರು ಬೆನ್ನ ಹಿಂದೆ ಧಣಿ ಎನ್ನುತ್ತಿದ್ದರು. ವಯಸ್ಸು ನಲವತ್ತು ದಾಟಿಲ್ಲ, ನಡಿಗೆಯಲ್ಲಿ ಸದಾ ಒಂದು ಅವಸರ, ಮಾತಿನಲ್ಲಿ ಅವಸರವೇ ಇಲ್ಲ.

"ಕೋಣೆ ಯಾವಾಗ ವಾಪಸ್ ಸಿಗುತ್ತೆ ಮೇಡಂ? ಆಟ ಬಿಡುಗಡೆಗೆ ಹನ್ನೆರಡು ದಿನ ಇದೆ."

"ಈ ಆಟವನ್ನ ಫ್ಯಾನ್ ಆಡುತ್ತೆ, ಗೊತ್ತಾ ನಿಮಗೆ?"

ಅವನು ಫ್ಯಾನ್ ನೋಡಿದ, ಪರದೆ ನೋಡಿದ. ಅವನ ಮುಖದಲ್ಲಿ ಬಂದದ್ದು ನಿಜವಾದ ಆಶ್ಚರ್ಯ. ಇಷ್ಟು ವರ್ಷ ಮುಖ ನೋಡುವುದೇ ಕೆಲಸವಾಗಿದ್ದ, ಅವನ ಮೇಲೇ ಅನುಮಾನವಿದ್ದ ಅವಳಿಗೆ ಅದು ಇಷ್ಟವಾಗಲಿಲ್ಲ.

"ಇದಕ್ಕೇನಾ ನಾನು ಸಂಬಳ ಕೊಡ್ತಿದ್ದದ್ದು?" ಎಂದ ಮಿಂಚುವಿನ ಕಡೆ ತಿರುಗಿ.

"ಅವಳನ್ನ ಆಮೇಲೆ ಕೇಳಿ. ಫ್ಯಾನು ಗೆಲ್ಲೋ ಹಾಗೆ ಆಟ ಮಾಡಿದ್ದು ನೀವು."

"ನೋಡಿ, ಜನಕ್ಕೆ ನಿಜ ಬೇಡ. ನಿಜ ಅನ್ನಿಸಿದರೆ ಸಾಕು." ಧಣಿ ಮೇಜಿನ ಅಂಚಿಗೆ ಒರಗಿದ. "ದಿನವೆಲ್ಲ ದುಡಿದು ಬಂದವನು ಸೋಫಾ ಮೇಲೆ ಕೂತು ಮಣಿಕಟ್ಟು ತಿರುಗಿಸ್ತಾನೆ. ಅವನು ಪರದೆ ಮೇಲೆ ವೀರ ಆಗಬೇಕು. ಮೇಷ್ಟ್ರು ಹೇಳೋ ಹಾಗೆ ಪಾದ, ಸೊಂಟ, ಭುಜ ಎಲ್ಲ ಸೇರಿದರೇ ಏಟು ಅಂದರೆ, ಎರಡನೇ ದಿನಕ್ಕೆ ನನ್ನ ಆಟ ಅವನ ಅಟ್ಟದ ಮೇಲಿರುತ್ತೆ."

"ಮೇಷ್ಟ್ರು ಒಪ್ಪಲಿಲ್ಲ."

"ಒಪ್ಪಲಿಲ್ಲ. ತೂಕ ಬೇಕು ಅಂತ ಹಟ. ಆ ಕೋಲು ನೋಡಿ."

ಗೋಡೆಯ ಗೂಟದ ಮೇಲೆ ತೋಳುದ್ದದ ಒಂದು ಕೋಲು ಇತ್ತು. ಮೇಷ್ಟ್ರು ತಾವೇ ಬಡಗಿಯ ಹತ್ತಿರ ಮಾಡಿಸಿ ತಂದದ್ದು. ಒಳಗೆ ಸೀಸ ತುಂಬಿಸಿ ನಿಜವಾದ ಕತ್ತಿಯ ತೂಕಕ್ಕೆ ಸರಿದೂಗಿಸಿದ್ದರು. ಹಿಡಿಕೆಯಲ್ಲಿ ಕಂಟ್ರೋಲರ್ ಕೂರುವಂತೆ ಒಂದು ಗೂಡು. ಇನ್ಸ್‌ಪೆಕ್ಟರ್ ಅದನ್ನು ಕೈಗೆತ್ತಿಕೊಂಡಳು. ಮಣಿಕಟ್ಟು ತಾನಾಗಿಯೇ ಬಿಗಿಯಿತು. ಇದನ್ನು ಹಿಡಿದು ಸೋಫಾ ಮೇಲೆ ಕೂರಲು ಆಗುವುದಿಲ್ಲ.

"ಶನಿವಾರ ಅವರು ನಿಮಗೆ ಪತ್ರ ಬರೆದಿದ್ದರು," ಎಂದಳು.

ಧಣಿಯ ಕಣ್ಣು ಒಂದು ಕ್ಷಣ ಕನ್ನಡಕನ ಮೇಲೆ ಹೋಗಿ ಬಂತು. "ಹೌದು. ಸುಳ್ಳಿಗೆ ನನ್ನ ಹೆಸರು ಅಂಟಿಸಬೇಡಿ ಅಂತ."

"ಹೆಸರಷ್ಟೇ ಅಲ್ಲ. ಆಟದ ಪೆಟ್ಟಿಗೆ ಮೇಲೆ ಅವರ ಮುಖ ಅಚ್ಚಾಗಿದೆ."

"ಆಗಿದೆ."

"ಸೋಮವಾರ ಮೂರು ಗಂಟೆಗೆ ಅವರು ಬಂದದ್ದು ನಿಮ್ಮನ್ನ ನೋಡೋಕೆ. ಪಾಠ ಇದ್ದದ್ದು ನಾಲ್ಕಕ್ಕೆ."

"ಬಂದರು. ಮಹಡಿ ಮೇಲೆ ನನ್ನ ಕೋಣೆಯಲ್ಲಿ ಹತ್ತು ನಿಮಿಷ ಕೂಗಾಡಿದರು. ಕೆಳಗೆ ಹೋಗಿ ನೋಡಿ, ನಮ್ಮ ಹುಡುಗರು ಎಷ್ಟು ಖುಷಿಯಾಗಿ ಆಡ್ತಿದಾರೆ ಅಂದೆ. ಹೋದರು. ಆಮೇಲೆ ನಾನು ಫೋನಿನಲ್ಲಿದ್ದೆ."

"ಬಾಗಿಲು ಹಾಕಿಕೊಂಡು."

"ಫೋನಿನಲ್ಲಿ ಮಾತಾಡುವಾಗ ಬಾಗಿಲು ಹಾಕಿಕೊಳ್ಳೋದು ಅಪರಾಧ ಅಂತ ಗೊತ್ತಿರಲಿಲ್ಲ."

"ನಿಮ್ಮಿಂದ ಇಳಿದು ಬಂದ ಮನುಷ್ಯ ಮತ್ತೆ ಮೇಲೆ ಹತ್ತಲಿಲ್ಲ. ನೀವು ಎರಡು ದಿನದಿಂದ ನನಗೆ ಹೇಳಿದ್ದು ಒಂದೇ ಮಾತು, ಕೋಣೆಯಲ್ಲಿ ಆ ಹುಡುಗಿ ಇದ್ದಳು ಅಂತ."

"ನಾನು ಹೇಳಲಿಲ್ಲ. ದಾಖಲೆ ಹೇಳಿತು."

"ಈಗ ದಾಖಲೆ ಬೇರೆ ಹೇಳ್ತಿದೆ."

"ಹೇಳ್ತಾನೇ ಇದೆ ಮೇಡಂ," ಎಂದ ಕನ್ನಡಕ, ಮೆಲ್ಲಗೆ.

ಎಲ್ಲರೂ ತಿರುಗಿದರು. ಅವನು ಈವರೆಗೆ ಅವಳು ಕೇಳದಿದ್ದ ಪುಟಗಳನ್ನು ಒಂದೊಂದಾಗಿ ಸರಿಸುತ್ತಾ ಬಂದಿದ್ದ.

"ಇಲ್ಲಿ ಫ್ಯಾನು ನಿಂತಿದೆ. ಮೂರೂ ಹನ್ನೆರಡಕ್ಕೆ."

ಇನ್ಸ್‌ಪೆಕ್ಟರಿನ ಕಿವಿ ಬಿಸಿಯಾಯಿತು. ಮೊದಲನೆಯ ಪುಟ, ಕೊನೆಯ ಪುಟ. ನಡುವಿನದನ್ನು ಅವಳು ನೋಡಿರಲಿಲ್ಲ. ಗಡಿಯಾರ ನೋಡುವ ಭರದಲ್ಲಿ ಎರಡು ತುದಿ ನೋಡಿ ಇಡೀ ಹಗ್ಗ ಅಳೆದಿದ್ದಳು.

ಗುಡ್ಡಗಳ ಸಾಲು ಅಲ್ಲಿ ಮುರಿದಿತ್ತು. ಯಾರೋ ಕಂಟ್ರೋಲರನ್ನು ಫ್ಯಾನಿನಿಂದ ಬಿಚ್ಚಿದ್ದರು. ಗೆರೆ ಗೋಡೆಯ ಗೂಟದವರೆಗೆ ನಡೆದು, ಕೋಲಿನ ಗೂಡಿನಲ್ಲಿ ಕೂತು, ಹಾಸಿನ ನಡುವಿಗೆ ಬಂದಿತ್ತು. ಆಮೇಲೆ ಎರಡು ಗುಡ್ಡ, ನಿಧಾನದವು, ದುಂಡನೆಯವು. ಮೂರನೆಯದು ಏರಿತು. ಇಳಿಯಲಿಲ್ಲ. ಕೊಡಲಿಯಲ್ಲಿ ಕಡಿದಂತೆ ನೆಟ್ಟಗೆ ಕೆಳಕ್ಕೆ ಬಿದ್ದಿತ್ತು.

ಫ್ಯಾನ್ ಟಕ್ಕೆಂದಿತು. ಪರದೆಯ ಮೇಲಿನ ಯೋಧ ಇನ್ನೊಬ್ಬನನ್ನು ಕೊಂದ.

"ಅದನ್ನ ಆರಿಸಿ," ಎಂದಳು ಇನ್ಸ್‌ಪೆಕ್ಟರ್. ದಫೇದಾರ ಆರಿಸಿದ.

"ತಾಗಿದೆ," ಎಂದ ಕನ್ನಡಕ. "ಏನಕ್ಕೋ ತಾಗಿದೆ. ತಾಗಿದ ರಭಸಕ್ಕೆ ಕಂಟ್ರೋಲರ್ ಗೂಡಿನಿಂದ ಹಾರಿ ನೆಲಕ್ಕೆ ಬಿದ್ದಿದೆ. ಆರು ನಿಮಿಷ ಅಲ್ಲಾಡಿಲ್ಲ. ಮೂರೂ ಹತ್ತೊಂಬತ್ತಕ್ಕೆ ಮತ್ತೆ ಫ್ಯಾನಿಗೆ ಹೋಗಿದೆ. ಮೊದಲಿದ್ದ ಜಾಗಕ್ಕೇ."

"ಆ ಆರು ನಿಮಿಷದಲ್ಲಿ ಮೇಷ್ಟ್ರು ಬಿದ್ದರು," ಎಂದ ದಫೇದಾರ.

"ಮೇಷ್ಟ್ರ ಮೈಮೇಲೆ ಕೋಲಿನ ಗುರುತು ಇಲ್ಲ," ಎಂದಳು ಅವಳು. "ಡಾಕ್ಟರು ಎರಡು ಸಲ ನೋಡಿದಾರೆ. ಹಾಗಾದರೆ ಇದು ಅವರಿಗೆ ಬಿದ್ದ ಏಟಲ್ಲ. ಬೀಸಿದವರು ಯಾರು ಅಂತ ಹೇಳೋಕೆ ಆಗುತ್ತಾ?"

ಕನ್ನಡಕ ಗಂಟಲು ಸರಿಮಾಡಿಕೊಂಡ. ಪ್ರತಿಯೊಂದು ಏಟಿಗೂ ನೂರಕ್ಕೆ ಇಷ್ಟು ಎಂದು ಅಂಕ ಇರುತ್ತೆ ಎಂದ. ಮೇಷ್ಟ್ರ ಬೀಸಿಗೆ ಎಷ್ಟು ಹತ್ತಿರ ಎಂಬ ಅಂಕ. ಆಟಗಾರನ ಏಟನ್ನು ತಿದ್ದಿ ಮೇಷ್ಟ್ರ ಏಟಿನ ಹಾಗೆ ತೋರಿಸಲು ಅದು ಬೇಕು. ಇಡೀ ಆಫೀಸಿನಲ್ಲಿ ಅರವತ್ತು ಅಂಕ ದಾಟಿದವಳು ಮಿಂಚು ಒಬ್ಬಳೇ, ಅದೂ ಮೊದಲ ವಾರದಲ್ಲಿ. ಧಣಿಯದ್ದು ಮೂವತ್ತೆಂಟು.

"ಇದಕ್ಕೆ?"

ಅವನು ಒತ್ತಿದ. ಅಂಕೆ ಬಂತು. ಅವನು ಓದಲಿಲ್ಲ, ಪಕ್ಕಕ್ಕೆ ಸರಿದು ಜಾಗ ಬಿಟ್ಟ.

ತೊಂಬತ್ತೇಳು.

"ಮೇಷ್ಟ್ರೇ ಬೀಸಿದ್ದು," ಎಂದಳು ಇನ್ಸ್‌ಪೆಕ್ಟರ್.

ಅವಳಿಗೆ ಆ ಮಧ್ಯಾಹ್ನ ಕಣ್ಣಿಗೆ ಕಟ್ಟಿತು. ಮಹಡಿಯಿಂದ ಉರಿಯುತ್ತಾ ಇಳಿದು ಬಂದ ಮುದುಕ. ಬಾಗಿಲು ತೆರೆದರೆ ಕೋಣೆಯಲ್ಲಿ ನರಪಿಳ್ಳೆ ಇಲ್ಲ. ಐವತ್ತು ವರ್ಷ ಬೆವರು ಬಸಿದು ಕಲಿತ ವರಸೆಯನ್ನು ಪರದೆಯ ಮೇಲೆ ಒಂದು ಫ್ಯಾನ್ ಆಡುತ್ತಿದೆ. ಅವನು ಕಂಟ್ರೋಲರನ್ನು ಬಿಚ್ಚಿದ, ತನ್ನ ಕೋಲಿಗೆ ಸಿಕ್ಕಿಸಿದ, ನಿಜವಾದ ಏಟು ಅಂದರೆ ಇದು ಎಂದು ಗಾಳಿಗೆ ಎರಡು ಸಲ ತೋರಿಸಿದ. ಮೂರನೆಯ ಸಲ ಎದುರಿಗೆ ಯಾರೋ ಬಂದು ನಿಂತಿದ್ದರು.

"ಎಲ್ಲಿ ನಿಂತಿದೆ ಅದು? ಜಾಗ ಹೇಳಿ."

ಕನ್ನಡಕ ಎದ್ದು ಬಂದು ಹಾಸಿನ ಮೇಲೆ ತೋರಿಸಿದ. ಹಿಡಿಕೆ ನೆಲದಿಂದ ನಾಲ್ಕು ಅಡಿ. ಅಲ್ಲಿ ಮೇಜಿಲ್ಲ, ಕಂಬವಿಲ್ಲ, ಗೋಡೆ ಮೂರು ಮಾರು ದೂರ. ಅವಳು ದಫೇದಾರನನ್ನು ಎದುರಿಗೆ ನಿಲ್ಲಿಸಿ, ಕೋಲನ್ನು ಆ ಗೆರೆಯ ದಾರಿಯಲ್ಲೇ ಇಷ್ಟಿಷ್ಟೇ ತಂದಳು. ಹಿಡಿಕೆ ಆ ಎತ್ತರಕ್ಕೆ ಬಂದಾಗ ದಫೇದಾರ ತನಗೇ ಗೊತ್ತಿಲ್ಲದೆ ಎಡಗೈ ಅಡ್ಡ ಹಿಡಿದಿದ್ದ. ಕೋಲು ಮೊಣಕೈಗೆ ನಾಲ್ಕು ಬೆರಳು ಕೆಳಗೆ ತಾಗಿ ನಿಂತಿತು.

"ಸೀಸ ತುಂಬಿದ ಕೋಲು," ಎಂದಳು ಅವಳು. "ಎರಡೇ ದಿನ ಆಗಿದೆ. ಗುರುತು ಎಲ್ಲಿಗೂ ಹೋಗಿರಲ್ಲ."

ಬಿಡುಗಡೆಯ ನೆನಪಿಗೆಂದು ಹಂಚಿದ್ದ ಉದ್ದ ತೋಳಿನ ಬೂದು ಅಂಗಿ ಆಫೀಸಿನ ಮೂವರ ಮೈಮೇಲೂ ಇತ್ತು.

"ಎಡತೋಳು ತೋರಿಸಿ. ಎಲ್ಲರೂ."

ಅವಳ ಕಣ್ಣಿದ್ದದ್ದು ಧಣಿಯ ಮೇಲೆ. ಅವನು ನಿಧಾನವಾಗಿ ಗುಂಡಿ ಬಿಚ್ಚಿದ, ತೋಳನ್ನು ಭುಜದವರೆಗೆ ಮಡಚಿದ, ಬೆಳಕಿಗೆ ಹಿಡಿದು ಈ ಮಗ್ಗುಲು ಆ ಮಗ್ಗುಲು ತಿರುಗಿಸಿದ. ಒಂದು ಗೀರೂ ಇರಲಿಲ್ಲ.

"ಸಾಕಾ?"

ಕನ್ನಡಕನ ತೋಳು ಸಣ್ಣದು, ಬಿಳಿಚಿಕೊಂಡದ್ದು, ಗಡಿಯಾರದ ಪಟ್ಟಿಯ ಗುರುತು ಬಿಟ್ಟರೆ ಏನಿಲ್ಲ.

ಧಣಿ ತೋಳು ಇಳಿಸಿಕೊಳ್ಳುತ್ತಿದ್ದ. ಆತುರವೇನೂ ಇರಲಿಲ್ಲ.

"ಇನ್ನೊಬ್ಬರು ಉಳಿದರು," ಎಂದ.

"ಅವಳು ಮೆಟ್ಟಿಲ ಮೇಲಿದ್ದಳು."

"ಹಾಗಂತ ಯಾರು ಹೇಳಿದ್ದು ಮೇಡಂ? ದಾಖಲೆಯಾ?"

ಇನ್ಸ್‌ಪೆಕ್ಟರ್ ಮತ್ತೆ ಆ ಗೆರೆಯ ಕಡೆ ನೋಡಿದಳು. ಕಂಟ್ರೋಲರ್ ಫ್ಯಾನಿನ ಮೇಲಿತ್ತು ಎಂದು ದಾಖಲೆ ಹೇಳಿತ್ತು. ಹುಡುಗಿ ಎಲ್ಲಿದ್ದಳು ಎಂದು ಅದು ಹೇಳಿರಲೇ ಇಲ್ಲ. ಹೇಳಿದ್ದು ಹುಡುಗಿ. ಆ ಎರಡನ್ನೂ ಒಂದು ಮಾಡಿ, ತನ್ನ ಜವಾಬ್ದಾರಿ ಎಂದು ಫೋನಿನಲ್ಲಿ ಹೇಳಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ.

ಅವಳು ತಿರುಗಿದಳು.

ಮಿಂಚು ಬಲತೋಳನ್ನು ಮೊಣಕೈಯವರೆಗೆ ಅಚ್ಚುಕಟ್ಟಾಗಿ ಮಡಚಿ ಮುಂದೆ ಚಾಚಿದ್ದಳು. ಯಾರೂ ಕೇಳದಿದ್ದ ತೋಳು.

"ಎಡಗೈ," ಎಂದಳು ಇನ್ಸ್‌ಪೆಕ್ಟರ್. ಅವಳ ದನಿ ಅವಳಿಗೇ ಸಣ್ಣದಾಗಿ ಕೇಳಿಸಿತು.

ಹುಡುಗಿಯ ಬಲಗೈ ಎಡತೋಳಿನ ಗುಂಡಿಯವರೆಗೆ ಹೋಯಿತು. ಅಷ್ಟರಲ್ಲಿ ಸ್ಟೂಲು ಕಿರುಗುಟ್ಟಿತು. ದೊಡ್ಡಮ್ಮ ಎದ್ದು ಬಂದು ಹುಡುಗಿಯ ಮುಂದೆ ನಿಂತಿದ್ದರು, ಬೆನ್ನು ಇನ್ಸ್‌ಪೆಕ್ಟರಿನ ಕಡೆಗೆ. ಅವರ ಮಾತಿನಲ್ಲಿ ಗಾಬರಿ ಇರಲಿಲ್ಲ. ಅಂಗಡಿಯಲ್ಲಿ ಅಳತೆ ತಪ್ಪಿದ ಬಟ್ಟೆಗೆ ಕತ್ತರಿ ಹಾಕಬೇಡ ಎನ್ನುವಷ್ಟೇ ಮೆಲ್ಲಗೆ ಅಂದರು:

"ತೋರಿಸಬೇಡ, ಪುಟ್ಟಿ."